ನೀರಿಲ್ಲದ ದೋಣಿ, ಮೋಸವಿಲ್ಲದ ಲೆಕ್ಕ

ಹಾನಗಲ್ ತಾಲೂಕು ಅಂದ್ರೆ ಕೆರೆ ಮತ್ತು ಭತ್ತ. ಆದರೆ ಅಕ್ಕಿಆಲೂರಿನ ಹುಡುಗನೊಬ್ಬ ರೇಸ್ ದೋಣಿ ನಡೆಸಬೇಕೆಂದರೆ ಇಲ್ಲಿ ಅದಕ್ಕೆ ಅವಕಾಶವಿಲ್ಲ. ಹಾಗಿದ್ದೂ ಆತ ಬಾಸ್ಟನ್ನಿನ ರೋವರ್ ಜೊತೆ ಪೈಪೋಟಿಗೆ ಇಳಿಯಬಹುದು. ದಾರಿ: ರೋಯಿಂಗ್ ಮಷಿನ್ ಮತ್ತು ಅದರ ಸುತ್ತ ಬೆಳೆದ ಆನ್‌ಲೈನ್ ಕ್ಲಬ್.

ಅಮೆರಿಕದ ಕಾನ್ಸೆಪ್ಟ್2 ಕಂಪನಿ ಮೊದಲು ಹುಟ್ಟು ತಯಾರಿಸುತ್ತಿತ್ತು. 1981ರಲ್ಲಿ ಸೈಕಲ್ ಚಕ್ರ ಬಳಸಿ ತನ್ನ ಮೊದಲ ಯಂತ್ರ ಮಾಡಿತು. ಇವತ್ತು ಸದಸ್ಯರು ಅವರವರ ಊರಲ್ಲೇ ಎಳೆಯುತ್ತಾರೆ, ಮೀಟರುಗಳು ಆನ್‌ಲೈನ್ ಲಾಗ್‌ಬುಕ್ಕಿಗೆ ಸೇರುತ್ತವೆ. ಕ್ಲಬ್ಬಿನ ಒಟ್ಟು ಮೊತ್ತ ಬೆಳೆಯುತ್ತದೆ, 2,000 ಮೀಟರ್ ಸಮಯಕ್ಕೆ ವಯಸ್ಸಿನ ಪ್ರಕಾರ ರ್‍ಯಾಂಕ್ ಸಿಗುತ್ತದೆ. ಕೋವಿಡ್ ಕಾಲದಲ್ಲಿ, 2021ರ ವಿಶ್ವ ಇಂಡೋರ್ ಚಾಂಪಿಯನ್‌ಶಿಪ್ ಕೂಡ ಹೀಗೇ ಆನ್‌ಲೈನಲ್ಲಿ ನಡೆಯಿತು.

ದೂರದವರ ಲೆಕ್ಕ ನಂಬೋದು ಹೇಗೆ? ಎರಡು ಎಳೆತಗಳ ನಡುವೆ ಚಕ್ರ ಎಷ್ಟು ಬೇಗ ನಿಧಾನವಾಗುತ್ತದೆ ಅಂತ ಮಾನಿಟರ್ ಅಳೆಯುತ್ತದೆ. ಗಾಳಿಯ ತಡೆ ಎಷ್ಟೆಂದು ಅದರಿಂದ ಗೊತ್ತಾಗುತ್ತದೆ. ಧೂಳು ಕೂತಿರಲಿ, ಊರು ಎತ್ತರದಲ್ಲಿರಲಿ, ಲೆಕ್ಕ ತಾನೇ ಸರಿಹೊಂದುತ್ತದೆ. ಪಕ್ಕದ 1ರಿಂದ 10ರ ಲಿವರ್ ಅನ್ನು 10ಕ್ಕೆ ಇಟ್ಟರೆ ಹೆಚ್ಚು ಅಂಕ ಅಂತ ಜಿಮ್ಮಿನಲ್ಲಿ ಹಲವರು ಅಂದುಕೊಳ್ಳುತ್ತಾರೆ. ಅದು ಸೈಕಲ್ ಗೇರ್ ಇದ್ದಂತೆ, ಅಷ್ಟೆ.

ಇನ್ನೊಂದು ವಿಷಯ. ವೇಗ ಎರಡು ಪಟ್ಟಾಗಬೇಕಾದರೆ ಶಕ್ತಿ ಎಂಟು ಪಟ್ಟು ಬೇಕು. 500 ಮೀಟರಿಗೆ 2 ನಿಮಿಷ ಅಂದ್ರೆ ಸುಮಾರು 203 ವ್ಯಾಟ್. ಅದರಲ್ಲಿ 10 ಸೆಕೆಂಡ್ ಇಳಿಸಲು 263 ವ್ಯಾಟ್ ಬೇಕು. ಹಾಗಾಗಿ ಒಂದೊಂದು ಸೆಕೆಂಡೂ ಬೆವರಿನ ಸಂಪಾದನೆ.

ಇದರಲ್ಲಿ ನಮಗೇನು ಕೆಲಸ ಅಂತೀರಾ? ನಾಸಿಕ್ ಜಿಲ್ಲೆಯ ಬರಪೀಡಿತ ಹಳ್ಳಿಯ ದತ್ತು ಭೋಕನಳ್ ಸೇನೆ ಸೇರಿದ ಮೇಲಷ್ಟೇ ದೋಣಿ ಹತ್ತಿದ್ದು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 13ನೇ ಸ್ಥಾನ ಪಡೆದರು. ಅವರ ಪ್ರತಿಭೆ ಮೊದಲಿಂದಲೂ ಇತ್ತು, ಅಳೆಯುವವರು ಇರಲಿಲ್ಲ. ನಮ್ಮಲ್ಲೂ ಸೇನಾ ಭರ್ತಿಗೆ ನಸುಕಿನಲ್ಲಿ ಓಡುವ ಹುಡುಗರಿದ್ದಾರೆ. ಅವರ ಕಾಲಿನ ಬಲವನ್ನು ಸ್ಟಾಪ್‌ವಾಚ್ ಮಾತ್ರ ನೋಡುತ್ತಿದೆ.

ಅಸಲಿ ಯಂತ್ರದ ಬೆಲೆ ಲಕ್ಷ ರೂಪಾಯಿ ದಾಟುತ್ತದೆ, ಮನೆಗೊಂದು ಕೊಳ್ಳೋದು ಆಗದ ಮಾತು. ಅಗ್ಗದ ಯಂತ್ರಗಳ ಅಂಕಿ ಒಂದಕ್ಕೊಂದು ತಾಳೆಯಾಗುವುದಿಲ್ಲ. ನೀರಿನ ಮೇಲಿನ ಸಮತೋಲನವನ್ನು ಯಾವ ಯಂತ್ರವೂ ಕಲಿಸದು, ನಿಜ. ಆದರೆ ತಾಲೂಕಿಗೊಂದು ಯಂತ್ರ, ಒಂದು ಇಂಟರ್ನೆಟ್ ಸಂಪರ್ಕ ಇದ್ದರೆ, ಯಾರನ್ನು ನೀರಿಗೆ ಕಳಿಸಬೇಕು ಅಂತ ಮೊದಲೇ ತಿಳಿಯುತ್ತದೆ. ಕ್ರೀಡಾ ಇಲಾಖೆ ಇಷ್ಟಾದರೂ ಮಾಡಿ ನೋಡಲಿ.