ಅತ್ತಿಬೆಲೆ ದಾಟಿದರೆ ಹೊಸೂರು

ಹಳದಿ ಮೆಟ್ರೊದ ಕೊನೆಯ ನಿಲ್ದಾಣ ಬೊಮ್ಮಸಂದ್ರದಲ್ಲಿ ಇಳಿದು ರಸ್ತೆಗೆ ಬಂದಾಗ ಬೆಳಿಗ್ಗೆ ಏಳೂವರೆ. ಹೆದ್ದಾರಿ ಪಕ್ಕದ ಟೀ ಅಂಗಡಿಯ ಮುಂದೆ ನಿಂತು ಬಸ್ಸುಗಳನ್ನು ನೋಡುತ್ತಿದ್ದೆ. ಮುಂದಿನ ಗಾಜಿನ ಮೇಲೆ ಕಾರ್ಖಾನೆಯ ಹೆಸರು, ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದ ಸಮವಸ್ತ್ರದ ಮಂದಿ. ಒಂದರ ಹಿಂದೆ ಒಂದು, ಎಲ್ಲವೂ ಬೆಂಗಳೂರಿಗೆ ಬೆನ್ನು ಮಾಡಿ ಹೊಸೂರಿನತ್ತ. ಇವರ ಮನೆ ಜಯನಗರದಲ್ಲೋ ಬೊಮ್ಮನಹಳ್ಳಿಯಲ್ಲೋ ಇದೆ, ಮಕ್ಕಳು ಓದುವುದು ಇಲ್ಲೇ. ದುಡಿಯುವ ಯಂತ್ರ ಮಾತ್ರ ಇನ್ನೊಂದು ರಾಜ್ಯದಲ್ಲಿ. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಊರು ಇಷ್ಟು ದೊಡ್ಡ ಕಾರ್ಖಾನೆಗಳನ್ನು ಹೇಗೆ ಸೆಳೆಯಿತು, ಸೆಳೆದದ್ದನ್ನು ಹೇಗೆ ಉಳಿಸಿಕೊಂಡಿತು ಎಂದು ಕಣ್ಣಾರೆ ನೋಡಿಬರಲು ನಾನೂ ಒಂದು ಬಸ್ಸು ಹತ್ತಿದೆ.

ಅತ್ತಿಬೆಲೆಯಲ್ಲಿ ಇಳಿದೆ. ಗಡಿ ಚಳವಳಿಗಳ ಸುದ್ದಿಚಿತ್ರಗಳಲ್ಲಿ ನಾವೆಲ್ಲ ನೋಡಿರುವ ಕಮಾನು ಇಲ್ಲಿದೆ. 2017ರ ಜುಲೈ 1ಕ್ಕೆ ಮುಂಚೆ ಈ ದಾರಿಯಲ್ಲಿ ಓಡಾಡಿದವರಿಗೆ ಲಾರಿಗಳ ಸಾಲು ಮರೆತಿರಲಾರದು. ವಾಣಿಜ್ಯ ತೆರಿಗೆ ಇಲಾಖೆಯ ತಪಾಸಣೆ ಮುಗಿಯುವವರೆಗೆ ಚಾಲಕರು ಲಾರಿಯ ನೆರಳಿನಲ್ಲೇ ಅಡುಗೆ ಮಾಡಿಕೊಳ್ಳುತ್ತಿದ್ದರು. ಜಿಎಸ್‌ಟಿ ಬಂದ ದಿನ ಆ ತಪಾಸಣೆ ನಿಂತಿತು. ಈಗ ಆ ತಪಾಸಣೆಗಾಗಿ ಲಾರಿಗಳು ಸಾಲು ನಿಲ್ಲುವುದಿಲ್ಲ.

ಹೆದ್ದಾರಿಯಿಂದ ಒಳಗೆ ಹೊರಳಿದರೆ ಕೈಗಾರಿಕಾ ಪ್ರದೇಶ. ಅರ್ಧ ತೆರೆದ ಶಟರ್, ಕಟಿಂಗ್ ಆಯಿಲ್ ವಾಸನೆ, ನೆಲದ ಮೇಲೆ ಸುರುಳಿ ಸುರುಳಿಯಾಗಿ ಬಿದ್ದ ಕಬ್ಬಿಣದ ಹೆರೆ. ಎರಡು ಸಿಎನ್‌ಸಿ ಯಂತ್ರ, ಒಂದು ಹಳೆಯ ಲೇತ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುವ ಹಿರಿಯರೊಬ್ಬರು ಸ್ಟೂಲು ಕೊಟ್ಟು ಕೂರಿಸಿದರು. ಇವರು ತಿರುಗಿಸಿ ಕೊಡುವ ಬುಷ್‌ಗಳು ಹೋಗುವುದು ಹೊಸೂರಿಗೆ. ಹಿಂದಿನ ಕಾಲದ ಲೆಕ್ಕ ಕೇಳಿದೆ.

“ಸಾರ್, ಆಗ ಗಡಿ ಆಚೆಗೆ ಮಾಲು ಮಾರಿದ್ರೆ ಸಿಎಸ್‌ಟಿ. ಅವರು ಸಿ ಫಾರಂ ಕೊಡಬೇಕು, ನಾವು ಅದಕ್ಕೋಸ್ಕರ ತಿಂಗಳುಗಟ್ಟಲೆ ಅಲೀಬೇಕು. ಕಟ್ಟಿದ ತೆರಿಗೆ ಅವರಿಗೆ ವಾಪಸ್ ಬರೋದಿಲ್ಲ. ಅದೇ ಬುಷ್ ಹೊಸೂರಿನವನೇ ಮಾಡಿಕೊಟ್ರೆ ಈ ರಗಳೆನೇ ಇಲ್ಲ. ಅವರಾದ್ರೂ ನನ್ನ ಹತ್ರ ಯಾಕೆ ಬರ್ತಾರೆ ಹೇಳಿ?”

ಅವರು ಹೇಳಿದ್ದರಲ್ಲಿ ಅರ್ಧ ಶತಮಾನದ ಕೈಗಾರಿಕಾ ಭೂಗೋಳವೇ ಇದೆ. ಕೇಂದ್ರ ಮಾರಾಟ ತೆರಿಗೆ, ಅಂದರೆ ಸಿಎಸ್‌ಟಿ, ಸಿ ಫಾರಂ ಕೊಟ್ಟವರಿಗೆ ಬಹುಕಾಲ ಶೇ 4ರಷ್ಟಿತ್ತು. 2007ರಲ್ಲಿ ಶೇ 3, 2008ರಲ್ಲಿ ಶೇ 2 ಆಯಿತು. ರಾಜ್ಯದೊಳಗೆ ಕಟ್ಟಿದ ವ್ಯಾಟ್ ಅನ್ನು ಮುಂದಿನ ಹಂತದಲ್ಲಿ ಕಳೆದುಕೊಳ್ಳಬಹುದಿತ್ತು. ಗಡಿ ದಾಟುವಾಗ ಕಟ್ಟಿದ ಸಿಎಸ್‌ಟಿಗೆ ಆ ಸೌಲಭ್ಯ ಇರಲಿಲ್ಲ. ಬಿಡಿಭಾಗ ಮಾಡುವವನಿಗೆ ನೂರಕ್ಕೆ ನಾಲ್ಕು ರೂಪಾಯಿ ಎಂದರೆ ಕೆಲವೊಮ್ಮೆ ಇಡೀ ಲಾಭ. ಹೀಗಾಗಿ ದೊಡ್ಡ ಕಾರ್ಖಾನೆ ಎಲ್ಲಿ ನೆಲೆಯೂರುತ್ತದೋ ಅದರ ನೂರಾರು ಮರಿ ಕಾರ್ಖಾನೆಗಳೂ ಅದೇ ರಾಜ್ಯದಲ್ಲಿ ತಳವೂರಬೇಕಾಯಿತು. ಒಂದೆರಡು ಕಿಲೋಮೀಟರ್ ಹಿಂದೆ ಉಳಿದವರು ಹೊರಗಿನವರಾದರು.

ಗಡಿ ದಾಟಿದರೆ ಜೂಜುವಾಡಿ. ಅಲ್ಲಿಂದಲೇ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಶುರು. ಮರಗಳಿಂದ ತುಂಬಿದ ಅಗಲವಾದ ರಸ್ತೆಗಳು, ಉದ್ದನೆಯ ಕಾಂಪೌಂಡು ಗೋಡೆಗಳು. ಅಂಗಡಿಗಳ ಬೋರ್ಡು ತಮಿಳಿನಲ್ಲಿ. ಮಾತು ಮಾತ್ರ ತಮಿಳು, ತೆಲುಗು, ಕನ್ನಡ ಮೂರೂ. ಹೂವು ಕಟ್ಟುತ್ತಿದ್ದ ಹೆಂಗಸನ್ನು ಕನ್ನಡದಲ್ಲೇ ದಾರಿ ಕೇಳಿದೆ, ಕನ್ನಡದಲ್ಲೇ ಉತ್ತರ ಬಂತು. ಊರಿನ ಹೆಸರೇ ನಮ್ಮ ಮಾತಲ್ಲವೇ, ಹೊಸ ಊರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಇದು ಮದ್ರಾಸಿಗೇ ಉಳಿಯಿತು. ಬೆಂಗಳೂರಿಗೆ ಹತ್ತಿರ, ಮದ್ರಾಸಿಗೆ 300 ಕಿಲೋಮೀಟರ್ ದೂರ, ಮಳೆಯನ್ನು ನಂಬಿದ ಬೇಸಾಯ. ಮುಂದೆ ಇದು ಸೇರಿದ ಧರ್ಮಪುರಿ ಜಿಲ್ಲೆಗೆ ಹಿಂದುಳಿದದ್ದು ಎಂಬ ಹಣೆಪಟ್ಟಿ ಬೇರೆ.

1971ರಲ್ಲಿ ಹುಟ್ಟಿದ ತಮಿಳುನಾಡು ಕೈಗಾರಿಕಾ ಉತ್ತೇಜನ ನಿಗಮಕ್ಕೆ, ಅಂದರೆ ಈ ಸಿಪ್ಕಾಟ್‌ಗೆ, ಆ ಹಣೆಪಟ್ಟಿಯೇ ಬಂಡವಾಳವಾಯಿತು. ಅಗ್ಗದ ಜಮೀನು ಕೊಟ್ಟರು, ರಸ್ತೆ ನೀರು ವಿದ್ಯುತ್ತು ಮೊದಲೇ ಹಾಕಿಸಿದರು. ಗಿರಾಕಿಯಿಂದ ವಸೂಲಾದ ಮಾರಾಟ ತೆರಿಗೆಯನ್ನು ವರ್ಷಗಳ ಕಾಲ ಕಾರ್ಖಾನೆಯೇ ಇಟ್ಟುಕೊಂಡು, ಆಮೇಲೆ ಬಡ್ಡಿಯಿಲ್ಲದೆ ಕಟ್ಟುವ ಅವಕಾಶ ಕೊಟ್ಟರು. ಹೊಸ ಉದ್ಯಮಕ್ಕೆ ಇದಕ್ಕಿಂತ ಅಗ್ಗದ ಸಾಲ ಯಾವ ಬ್ಯಾಂಕಿನಲ್ಲೂ ಸಿಗುವುದಿಲ್ಲ. 1980ರಲ್ಲಿ ಇಲ್ಲಿ ಟಿವಿಎಸ್ 50 ಮೊಪೆಡ್ ತಯಾರಾಗತೊಡಗಿತು, ಅದೇ ಕಾಲಕ್ಕೆ ಅಶೋಕ್ ಲೇಲ್ಯಾಂಡ್ ಬಂತು. 1984ರಲ್ಲಿ ಟಾಟಾ ಸಮೂಹವೂ ತಮಿಳುನಾಡು ಸರ್ಕಾರದ ಟಿಡ್ಕೊ ನಿಗಮವೂ ಕೂಡಿ ಟೈಟನ್ ಕಟ್ಟಿದವು.

ಇಲ್ಲಿಗೆ ಕಥೆ ಮುಗಿಸಿದರೆ ಅದು ತೆರಿಗೆಯ ಕಥೆಯಾಗುತ್ತಿತ್ತು. ನನಗೆ ಹಾಗೆ ಅನ್ನಿಸುವುದಿಲ್ಲ. ಹಿಂದುಳಿದ ಜಿಲ್ಲೆಗಳು, ರಿಯಾಯಿತಿಗಳು ದೇಶದ ತುಂಬ ಇದ್ದವು. ಆದರೆ ಪಕ್ಕದಲ್ಲೇ ಬೆಂಗಳೂರು ಇದ್ದದ್ದು ಹೊಸೂರಿಗೆ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಟೆಲಿಫೋನ್ ತಯಾರಿಸುವ ಐಟಿಐ, 1954ರಲ್ಲಿ ಬಿಇಎಲ್, ನಡುವೆ ಎಚ್‌ಎಂಟಿ. ಮೈಕ್ರಾನ್ ಲೆಕ್ಕದಲ್ಲಿ ಅಳೆಯಬಲ್ಲ ಕೈಗಳನ್ನು ಈ ಸಾರ್ವಜನಿಕ ಕಾರ್ಖಾನೆಗಳು ಎರಡು ತಲೆಮಾರು ತಯಾರು ಮಾಡಿದ್ದವು. ಟೂಲ್ ರೂಂ ಮೇಸ್ತ್ರಿ, ಡೈ ಮಾಡುವವರು, ಫಿಟ್ಟರು, ಟರ್ನರು ಎಲ್ಲ ಒಂದು ಬಸ್ಸಿನ ದೂರದಲ್ಲಿದ್ದರು. 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಎಚ್‌ಎಂಟಿ ಕೈಗಡಿಯಾರ ಆರಂಭವಾದದ್ದೂ ಬೆಂಗಳೂರಿನಲ್ಲೇ. ಅದನ್ನು ಸೋಲಿಸಿದ ಟೈಟನ್ ಹೊಸೂರಿನಲ್ಲಿ ಹುಟ್ಟಿದ್ದು ಆಕಸ್ಮಿಕವಲ್ಲ. ರಿಯಾಯಿತಿ ತಮಿಳುನಾಡಿನದು, ಕಸುಬು ಕರ್ನಾಟಕದ ಮಣ್ಣಿನದು.

ಸಿಪ್ಕಾಟ್‌ನ ಟೈಟನ್ ಗೇಟಿನ ಎದುರು ಸ್ವಲ್ಪ ಹೊತ್ತು ನಿಂತೆ. ಗಡಿಯಾರದ ಕೆಲಸಕ್ಕೆ ಅನುಭವಿಗಳನ್ನಷ್ಟೇ ನೆಚ್ಚದೆ, ಹಳ್ಳಿಗಳ ಹದಿನೇಳು ಹದಿನೆಂಟರ ಹುಡುಗ ಹುಡುಗಿಯರನ್ನು ಶಾಲೆಯಿಂದ ನೇರ ಕರೆತಂದು ತರಬೇತಿ ಕೊಟ್ಟದ್ದು ಈ ಕಂಪನಿ ಆಗ ತೆಗೆದುಕೊಂಡ ದೊಡ್ಡ ನಿರ್ಧಾರ. ಊರು ಬಿಟ್ಟು ಬಂದ ಎಳೆಯರಿಗೆ ಊಟ ವಸತಿ ನೋಡಿಕೊಂಡು, ಮನೆಯವರಂತೆ ಕಾಯುವ ಸಾಕು ತಂದೆತಾಯಿಗಳನ್ನೂ ಗೊತ್ತುಮಾಡಿತ್ತು. ರಾಗಿ ಕಳೆ ಕೀಳುತ್ತಿದ್ದ ಬೆರಳುಗಳು ಕೂದಲೆಳೆಯಷ್ಟು ಸಣ್ಣ ತಿರುಪು ಕೂರಿಸಲು ಕಲಿತವು.

ತೆರಿಗೆಗೂ ಕಸುಬಿಗೂ ನಡುವೆ ಯಾವುದು ಮೇಲು ಎಂಬುದಕ್ಕೆ ಹೊಸೂರು ಒಮ್ಮೆ ಪರೀಕ್ಷೆಯನ್ನೇ ಎದುರಿಸಿತು. 2003ರಲ್ಲಿ ಕೇಂದ್ರ ಸರ್ಕಾರ ಉತ್ತರಾಖಂಡ, ಹಿಮಾಚಲ ಪ್ರದೇಶಗಳಿಗೆ ದೊಡ್ಡ ವಿನಾಯಿತಿ ಘೋಷಿಸಿತು. ಹೊಸ ಘಟಕಕ್ಕೆ 10 ವರ್ಷ ಅಬಕಾರಿ ಸುಂಕ ಪೂರ್ತಿ ಮಾಫಿ, ಮೊದಲ 5 ವರ್ಷ ಆದಾಯ ತೆರಿಗೆಯೂ ಇಲ್ಲ. ಹೊಸೂರಿನ ಮೂವರೂ ಅತ್ತ ಹೊರಟರು. ಟಿವಿಎಸ್ ಹಿಮಾಚಲದ ನಾಲಾಗಢಕ್ಕೆ, ಅಶೋಕ್ ಲೇಲ್ಯಾಂಡ್ ಪಂತನಗರಕ್ಕೆ, ಟೈಟನ್‌ನ ಜೋಡಣೆ ಘಟಕಗಳು ಉತ್ತರಾಖಂಡಕ್ಕೆ. ಆಗ ಹೊಸೂರಿನ ಬೀದಿಗಳಲ್ಲಿ ಭಯವಿದ್ದಿರಲೇಬೇಕು. ಆದರೆ ಇಂದು ನಾನು ನೋಡಿದಂತೆ ಮೂರೂ ಗೇಟುಗಳಲ್ಲಿ ಪಾಳಿ ಬದಲಾಗುತ್ತಿದೆ. ಸುಂಕದ ಬೆನ್ನು ಹತ್ತಿ ಹೋದದ್ದು ಮುಖ್ಯವಾಗಿ ಕೊನೆಯ ಜೋಡಣೆಯ ಕೆಲಸ. ಸ್ಪ್ಯಾನರ್ ಹಿಡಿಯಲು ಕೆಲವು ತಿಂಗಳಲ್ಲಿ ಕಲಿಸಬಹುದು, ಟೂಲ್ ರೂಂ ಕಟ್ಟಲು ಇಪ್ಪತ್ತು ವರ್ಷ ಬೇಕು. ಹಾಗಾಗಿ ಬೇರು ಇಲ್ಲೇ ಉಳಿಯಿತು.

ರಿಯಾಯಿತಿಯ ಈ ಪೈಪೋಟಿ ಅದಕ್ಕೂ ಮುಂಚೆಯೇ ರಾಜ್ಯಗಳಿಗೂ ಸಾಕಾಗಿತ್ತು. 1999ರ ನವೆಂಬರ್‌ನಲ್ಲಿ ಮುಖ್ಯಮಂತ್ರಿಗಳ ಸಭೆ ಸೇರಿ, ಕೈಗಾರಿಕೆಗೆ ಮಾರಾಟ ತೆರಿಗೆ ರಿಯಾಯಿತಿ ಕೊಡುವುದನ್ನು 2000ದ ಜನವರಿಯಿಂದ ನಿಲ್ಲಿಸೋಣ ಎಂದು ತೀರ್ಮಾನಿಸಿತ್ತು. ಜಿಎಸ್‌ಟಿ ಬಂದ ಮೇಲಂತೂ ತೆರಿಗೆ ಸೇರುವುದು ಮಾಲು ಬಳಕೆಯಾಗುವ ರಾಜ್ಯಕ್ಕೆ, ತಯಾರಾಗುವ ರಾಜ್ಯಕ್ಕಲ್ಲ. ಹೊಸೂರಿನ ಸ್ಕೂಟರು ಬಿಹಾರದಲ್ಲಿ ಮಾರಾಟವಾದರೆ ರಾಜ್ಯದ ಪಾಲು ಬಿಹಾರಕ್ಕೆ. ಬಿಟ್ಟುಕೊಡಲು ತಯಾರಕ ರಾಜ್ಯದ ಕೈಯಲ್ಲಿ ಉಳಿದದ್ದೇ ಕಡಿಮೆ. ಅದಕ್ಕೇ ಕರ್ನಾಟಕ 2020ರ ಕೈಗಾರಿಕಾ ನೀತಿಯಲ್ಲಿ ವಹಿವಾಟಿನ ಮೇಲೆ ಪ್ರೋತ್ಸಾಹಧನ ಎಂದಿತು, 2025–30ರ ನೀತಿಯಲ್ಲಿ ಬಂಡವಾಳ ಸಹಾಯಧನವನ್ನೋ ಉತ್ಪಾದನೆ ಆಧಾರಿತ ಪ್ರೋತ್ಸಾಹವನ್ನೋ ಆಯ್ದುಕೊಳ್ಳಿ ಎನ್ನುತ್ತಿದೆ. ಬೆಂಗಳೂರಿನಿಂದ ದೂರ ಹೋದಷ್ಟೂ ಹೆಚ್ಚು ಕೊಡುವುದು ಈ ನೀತಿಗಳ ತಿರುಳು. ಕಲಬುರಗಿಗೂ ರಾಯಚೂರಿಗೂ ಇದು ಬೇಕೇ ಬೇಕು. ಆದರೆ ಆನೇಕಲ್ ತಾಲ್ಲೂಕಿನ ಅತ್ತಿಬೆಲೆ ಬೆಂಗಳೂರು ನಗರ ಜಿಲ್ಲೆಗೆ ಸೇರಿದ್ದು. ಇಲ್ಲಿಂದ ಎದ್ದವನು ರಾಯಚೂರಿಗೆ ಹೋಗುವುದಿಲ್ಲ, ಎದುರಿಗೇ ಕಾಣುವ ಹೊಸೂರಿಗೆ ಹೋಗುತ್ತಾನೆ. ಬೆಂಗಳೂರಿನಲ್ಲಿ ಹುಟ್ಟಿದ ಏಥರ್ ಕಂಪನಿಯ ವಿದ್ಯುತ್ ಸ್ಕೂಟರುಗಳು ತಯಾರಾಗುವುದು ಹೊಸೂರಿನಲ್ಲಿ. ಬೆಂಗಳೂರಿನದೇ ಓಲಾ ಎಲೆಕ್ಟ್ರಿಕ್‌ನ ಕಾರ್ಖಾನೆ ಹೊಸೂರು ಈಗ ಸೇರಿರುವ ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿಯಲ್ಲಿ.

ಇತ್ತ ಸಿಪ್ಕಾಟ್‌ನಲ್ಲಿ ಮಧ್ಯಾಹ್ನ ಮೂರರ ಸುಮಾರಿಗೆ ಪಾಳಿ ಬಿಟ್ಟಿತು. ಗೇಟಿನಿಂದ ಹೊರಬಂದವರಲ್ಲಿ ಹುಡುಗಿಯರೇ ಹೆಚ್ಚು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಸ್ಟೀಲ್ ಡಬ್ಬಿ. ಒಡಿಶಾದ, ಅಸ್ಸಾಮಿನ ಮಾತುಗಳೂ ಕಿವಿಗೆ ಬಿದ್ದವು. ವಸತಿ ಗೃಹದ ಬಸ್ಸು ಕಾಯುತ್ತಿತ್ತು. ಕಾರ್ಮಿಕರ ಗುಣಮಟ್ಟ ಎಂದು ನಾವು ಬರೆಯುವಾಗ ಅದು ಅವರ ಕೈಯ ಗುಣ ಮಾತ್ರ ಎಂಬಂತೆ ಬರೆಯುತ್ತೇವೆ. ಮಲಗಲು ಭದ್ರವಾದ ಜಾಗ, ತಿಂಗಳ ಕೊನೆಗೆ ಸರಿಯಾದ ಸಂಬಳ, ರಾತ್ರಿ ಪಾಳಿಗೆ ನಂಬಬಹುದಾದ ವಾಹನ, ಇಷ್ಟೂ ಅದರೊಳಗೆ ಸೇರಿವೆ. 2020ರ ಡಿಸೆಂಬರ್‌ನಲ್ಲಿ ನಮ್ಮ ಕೋಲಾರ ಜಿಲ್ಲೆಯ ನರಸಾಪುರದ ಐಫೋನ್ ಘಟಕದಲ್ಲಿ ಸಂಬಳದ ವಿಚಾರಕ್ಕೇ ಕಾರ್ಮಿಕರು ಸಿಡಿದೆದ್ದರು. ಅಲ್ಲಿ ಒಡೆದ ಗಾಜುಗಳನ್ನು ಯಾವ ತೆರಿಗೆ ರಿಯಾಯಿತಿಯೂ ಉಳಿಸಲಿಲ್ಲ.

ಕಸುಬು ಕಲಿಸುವ ಮಾದರಿಗಳು ನಮ್ಮಲ್ಲಿ ಇಲ್ಲವೆಂದಲ್ಲ. ಬಿಡದಿಯಲ್ಲಿ ಟೊಯೊಟಾ 2007ರಲ್ಲಿ ಆರಂಭಿಸಿದ ತರಬೇತಿ ಶಾಲೆ ಹತ್ತನೇ ತರಗತಿ ಮುಗಿಸಿದ ಹಳ್ಳಿ ಮಕ್ಕಳನ್ನು ಮೂರು ವರ್ಷ ಉಚಿತವಾಗಿ ಇಟ್ಟುಕೊಂಡು ಕಲಿಸುತ್ತದೆ. 1972ರಿಂದ ನಡೆಯುತ್ತಿರುವ ಸರ್ಕಾರದ ಟೂಲ್ ರೂಂ ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ಕಲಿತವರಿಗೆ ಕೆಲಸಕ್ಕೆ ಅಲೆಯುವ ಕಷ್ಟ ಕಡಿಮೆ. ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ರಾಜ್ಯದ 150 ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆಗಳಿಗೆ (ಐಟಿಐ) ಹೊಸ ಯಂತ್ರಗಳನ್ನೂ ತಂದದ್ದಾಗಿದೆ.

ಸಂಜೆ ಅತ್ತಿಬೆಲೆಗೆ ಮರಳಿ ಆ ಹಿರಿಯರಿಗೆ ವಿದಾಯ ಹೇಳಲು ಹೋದೆ. ಒಂದು ಸಿಎನ್‌ಸಿ ಓಡುತ್ತಿತ್ತು, ಇನ್ನೊಂದು ನಿಂತಿತ್ತು. ಆರ್ಡರ್ ಇಲ್ಲವೇ ಎಂದೆ. “ಆರ್ಡರ್ ಇದೆ ಸಾರ್, ಆಪರೇಟರ್ ಇಲ್ಲ. ಕಲಿತವನು ಸಿಗಲ್ಲ, ಕಲಿಸಿದವನು ನಿಲ್ಲಲ್ಲ. ವಸತಿ ಕೊಡೋ ಶಕ್ತಿ ನನಗಿಲ್ಲ” ಎಂದರು. ಅವರು ನನ್ನೊಡನೆ ಮಾತಾಡಿದ ಅಷ್ಟೂ ಹೊತ್ತಿನಲ್ಲಿ ತೆರಿಗೆಯ ಮಾತು ನಾನು ಕೇಳಿದಾಗ ಮಾತ್ರ ಬಂದಿತ್ತು.

ಕೈಗಾರಿಕಾ ಪ್ರದೇಶಗಳಿಗೆ ಜಮೀನು ಗುರುತಿಸುವಾಗಲೇ ಕಾರ್ಮಿಕರ ವಸತಿಗೂ ಒಂದು ತರಬೇತಿ ಶಾಲೆಗೂ ಜಾಗ ಮೀಸಲಿಡುವಂತೆ ಸರ್ಕಾರವನ್ನು ಕೇಳುವುದು ನಮ್ಮೆಲ್ಲರ ಹಕ್ಕು. ಓದುಗರಲ್ಲೂ ಒಂದು ವಿನಂತಿ: ನಿಮ್ಮ ತಾಲ್ಲೂಕಿನ ಸರ್ಕಾರಿ ಐಟಿಐಗೆ ಒಂದು ದಿನ ಹೋಗಿ ನೋಡಿ. ಅಲ್ಲಿನ ಲೇತ್ ಓಡುತ್ತಿದೆಯೇ, ಕಲಿಸುವವರ ಹುದ್ದೆ ಭರ್ತಿಯಾಗಿದೆಯೇ ಎಂದು ಕೇಳಿ. ಇಲ್ಲವೆಂದಾದರೆ ನಿಮ್ಮ ಶಾಸಕರಿಗೆ ಒಂದು ಪತ್ರ ಬರೆಯಿರಿ.