ಫ್ಯಾನ್ ಹಾಕಿದ್ದು ಯಾರು?

ಮಾಗಿಯ ಚಳಿ, ರಾತ್ರಿ ಎರಡೂವರೆ ಗಂಟೆ. ಫ್ಯಾನು ಐದರಲ್ಲಿ ತಿರುಗುತ್ತಿದೆ. ಮಂಚದ ಒಂದು ಮಗ್ಗುಲಲ್ಲಿ ರಗ್ಗನ್ನು ಕಿವಿಯವರೆಗೆ ಎಳೆದುಕೊಂಡು ಮುದುಡಿದ ಗಂಡ. ಇನ್ನೊಂದು ಮಗ್ಗುಲಲ್ಲಿ ಹೊದಿಕೆ ಒದ್ದು, ಎದ್ದು ಕೂತು, ನೈಟಿಯ ಕುತ್ತಿಗೆ ಹಿಡಿದು ಗಾಳಿ ಹಾಕಿಕೊಳ್ಳುತ್ತಿರುವ ಹೆಂಡತಿ. "ಈ ಚಳೀಲಿ ಫ್ಯಾನ್ ಹಾಕಿದ್ದು ಯಾರು?" ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಮೂರು ವರ್ಷ ಕೇಳಿಬಂತು. ಹಾಕಿದವಳು ನಾನೇ. ಯಾಕೆ ಹಾಕಿದೆ ಎಂದು ಹೇಳುವುದಕ್ಕೆ ಮಾತ್ರ ಬಾಯಿಗೆ ಮಾತು ಬರುತ್ತಿರಲಿಲ್ಲ. ಸೆಕೆ ಅನ್ನೋಣವೆಂದರೆ ಹತ್ತು ನಿಮಿಷಕ್ಕೆಲ್ಲ ಬೆವರು ಆರಿ, ಮೈ ನಡುಗಿ, ಅದೇ ಫ್ಯಾನನ್ನು ನಾನೇ ಆರಿಸುತ್ತಿದ್ದೆ.

ಮುಟ್ಟಿಗೆ ನಮ್ಮಲ್ಲಿ ಹೆಸರುಗಳಿಗೇನೂ ಬರವಿಲ್ಲ. ಹೊರಗಾಗುವುದು, ದೂರ ಕೂರುವುದು, ಕಾಗೆ ಮುಟ್ಟುವುದು, ಹೀಗೆ ಮಕ್ಕಳ ಮುಂದೆ ಒಂದು, ಅತ್ತೆಯ ಮುಂದೆ ಇನ್ನೊಂದು. ಮುಟ್ಟು ನಿಲ್ಲುವ ಹೊತ್ತಿಗೆ ಮೈಗೇರುವ ಈ ಬಿಸಿಗೆ ಮಾತ್ರ ಎಲ್ಲರೂ ಒಪ್ಪಿದ ಒಂದು ಹೆಸರಿಲ್ಲ. ಡಾಕ್ಟರು ಹಾಟ್ ಫ್ಲಶ್ ಎನ್ನುತ್ತಾರೆ. ನಮ್ಮ ಚಿಕ್ಕಮ್ಮ, "ಎಲ್ಲಾ ಉಷ್ಣ ಕಣೇ, ನೆತ್ತಿಗೆ ಒಂದಿಷ್ಟು ಹರಳೆಣ್ಣೆ ತಟ್ಟಿಕೋ" ಅಂದರು. ಉಷ್ಣ ಅಂದುಬಿಟ್ಟರೆ ತಪ್ಪು ಪರಂಗಿಹಣ್ಣಿನ ಮೇಲೆ, ಮಾವಿನಹಣ್ಣಿನ ಮೇಲೆ, ಕೊನೆಗೆ ತಿಂದವಳ ಮೇಲೆ ಬರುತ್ತದೆ. ಹಾಗಾಗಿ ಇಲ್ಲಿ ಝಳ ಎಂದು ಕರೆಯುತ್ತೇನೆ. ಸೌದೆ ಒಲೆಯ ಬಾಯಿಗೆ ಬಗ್ಗಿದಾಗ ಮುಖಕ್ಕೆ ಹೊಡೆಯುತ್ತದಲ್ಲ, ಅದೇ. ವ್ಯತ್ಯಾಸವೆಂದರೆ ಈ ಒಲೆ ಒಳಗಿದೆ.

ಅದು ಬರುವ ಬಗೆ ಹೀಗೆ. ಎಷ್ಟೋ ಹೆಂಗಸರಿಗೆ ಮೊದಲು ಏನೋ ಒಂದು ಕಳವಳ, ಎದೆ ಡವಡವ. ಆಮೇಲೆ ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಮುಖಕ್ಕೆ ಬಿಸಿ ಹತ್ತುತ್ತದೆ. ಕಿವಿ ಕೆಂಪಾಗುತ್ತದೆ. ನೆತ್ತಿಯ ಕೂದಲ ಬುಡದಲ್ಲಿ, ಮೇಲ್ದುಟಿಯ ಮೇಲೆ ಬೆವರು ಒಡೆಯುತ್ತದೆ. ಸಾಮಾನ್ಯವಾಗಿ ಒಂದರಿಂದ ಐದು ನಿಮಿಷದಲ್ಲಿ ಇಳಿದುಹೋಗಿ, ಹಿಂದೆಯೇ ಚಳಿ. ಒಮ್ಮೆ ನೆಂಟರ ಮದುವೆಯ ಛತ್ರದಲ್ಲಿ, ಧಾರೆಯ ಹೊತ್ತಿಗೆ ಸರಿಯಾಗಿ ನನಗೆ ಝಳ ಬಂತು. ಮೈಮೇಲೆ ಜರಿ ಸೀರೆ. ಹಣೆಯ ಕುಂಕುಮ ಕರಗಿ ಮೂಗಿನವರೆಗೆ ಇಳಿಯಿತು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಏನನ್ನೂ ಕೇಳದೆ, ಕೈಯಲ್ಲಿದ್ದ ಲಗ್ನಪತ್ರಿಕೆಯಿಂದ ನನಗೆ ಗಾಳಿ ಬೀಸತೊಡಗಿದರು. ಅವರಿಗೆ ಎಲ್ಲ ಗೊತ್ತಿತ್ತು. ಹಾಗಿದ್ದೂ ನಮ್ಮಿಬ್ಬರ ನಡುವೆ ಆ ಬಗ್ಗೆ ಒಂದು ಮಾತೂ ಆಗಲಿಲ್ಲ.

ಒಳಗೆ ನಡೆಯುವುದೇನು? ಮಿದುಳಿನ ಬುಡದಲ್ಲಿ ಹೈಪೊಥಲಾಮಸ್ ಎಂಬ ಪುಟ್ಟ ಭಾಗವಿದೆ. ಮೈಯ ಕಾವನ್ನು ಹದದಲ್ಲಿಡುವ ಕೆಲಸ ಅದರದು. ಒಳಗಿನ ಕಾವು ಚೂರು ಏರಿದರೂ ಇಳಿದರೂ ಅದು ಸುಮ್ಮನಿರುತ್ತದೆ, ಮಿತಿ ದಾಟಿದರೆ ಬೆವರಿಸುತ್ತದೆ ಅಥವಾ ನಡುಗಿಸುತ್ತದೆ. ಅಮೆರಿಕದ ಡೆಟ್ರಾಯಿಟ್‌ನಲ್ಲಿರುವ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಫ್ರೀಡ್‌ಮನ್ ಈ ಮಿತಿಯನ್ನು ಅಳೆದು ನೋಡಿದರು. ಮುಟ್ಟು ನಿಂತರೂ ಝಳ ಬಾರದ ಹೆಂಗಸರಲ್ಲಿ ಸುಮಾರು 0.4 ಡಿಗ್ರಿ ಸೆಲ್ಸಿಯಸ್‌ನಷ್ಟು ಅವಕಾಶವಿತ್ತು. ಝಳ ಬರುವವರಲ್ಲಿ ಅದು ಹೆಚ್ಚುಕಡಿಮೆ ಸೊನ್ನೆ. ಬಿಸಿ ಕಾಫಿ ಕುಡಿದರೆ, ಎರಡು ಮೆಟ್ಟಿಲು ಬೇಗ ಹತ್ತಿದರೆ ಏರುವ ಕಾವೂ ಅವರಿಗೆ ಮಿತಿ ಮೀರಿದ ಹಾಗೆ. ಹಾಲು ಬೆಚ್ಚಗಾಗುವಷ್ಟರಲ್ಲೇ ಉಕ್ಕಿತೆಂದು ಗಾಬರಿಬಿದ್ದು ನೀರು ಚಿಮುಕಿಸುವವರಿಲ್ಲವೆ, ಹೈಪೊಥಲಾಮಸ್ ಹಾಗಾಗಿರುತ್ತದೆ. ಕಾವನ್ನು ಹೊರಹಾಕಲೆಂದು ಚರ್ಮದ ರಕ್ತನಾಳಗಳನ್ನು ಒಮ್ಮೆಲೇ ಹಿಗ್ಗಿಸುತ್ತದೆ, ಬೆವರಿಸುತ್ತದೆ. ಹೊರಹಾಕಿದ್ದು ಜಾಸ್ತಿಯಾಗಿ ಆಮೇಲೆ ಚಳಿ ಹಿಡಿಯುತ್ತದೆ.

ಹೈಪೊಥಲಾಮಸ್‌ಗೆ ಈ ಗಾಬರಿ ಹುಟ್ಟಿಸುವವರು ಯಾರು ಎಂಬುದರ ಸುಳಿವು 1990ರ ಹೊತ್ತಿಗೆ ಸಿಕ್ಕಿತು. ಅರಿಜೋನಾ ವಿಶ್ವವಿದ್ಯಾಲಯದ ನವೋಮಿ ರಾನ್ಸ್ ಎಂಬ ವೈದ್ಯೆ ತೀರಿಕೊಂಡ ಹೆಂಗಸರ ಮಿದುಳುಗಳನ್ನು ಸೂಕ್ಷ್ಮದರ್ಶಕದಡಿ ಹೋಲಿಸಿ ನೋಡಿದರು. ಮುಟ್ಟು ನಿಂತಿದ್ದವರ ಹೈಪೊಥಲಾಮಸ್‌ನಲ್ಲಿ ಒಂದು ಗುಂಪಿನ ನರಕೋಶಗಳು ಊದಿಕೊಂಡಿದ್ದವು. ಇವು ಈಸ್ಟ್ರೋಜನ್ ಎಂಬ ಹಾರ್ಮೋನಿನ ಹಿಡಿತದಲ್ಲಿರುವ ಕೋಶಗಳು. ಅಂಡಾಶಯದಿಂದ ಈಸ್ಟ್ರೋಜನ್ ಬರುವುದು ತಗ್ಗಿದಾಗ ಹಿಡಿತ ತಪ್ಪಿ, ನ್ಯೂರೋಕೈನಿನ್ ಬಿ ಎಂಬ ರಾಸಾಯನಿಕವನ್ನು ಹೆಚ್ಚು ಸುರಿಸುತ್ತವೆ. ಕಾವಿನ ಹದ ಕೆಡುವುದು ಅದರಿಂದ. ಪರಂಗಿಹಣ್ಣು ಇಲ್ಲಿಗೆ ನಿರ್ದೋಷಿ.

ಹನ್ನೆರಡು ತಿಂಗಳು ಒಂದೇ ಸಮ ಮುಟ್ಟಾಗದಿದ್ದರೆ ಮುಟ್ಟು ನಿಂತಿದೆ ಎಂದು ಲೆಕ್ಕ. ಪಶ್ಚಿಮದ ದೇಶಗಳಲ್ಲಿ ಅದು ಸರಾಸರಿ 51ನೇ ವಯಸ್ಸಿಗೆ ಆದರೆ ಭಾರತದಲ್ಲಿ 46-47ಕ್ಕೇ ಆಗುತ್ತದೆ. ಝಳ ಅದಕ್ಕೂ ಮುಂಚೆ, ಮುಟ್ಟು ಹಿಂದುಮುಂದಾಗುವ ಕಾಲದಲ್ಲೇ ಶುರುವಾಗಬಹುದು. "ಆರು ತಿಂಗಳು ತಡೆದುಕೋ, ಹೋಗುತ್ತೆ" ಎಂಬ ಸಮಾಧಾನ ಅನೇಕರ ಪಾಲಿಗೆ ನಿಜವಲ್ಲ. ಅಮೆರಿಕದಲ್ಲಿ ವರ್ಷಾನುಗಟ್ಟಲೆ ನಡೆದ ಸ್ವಾನ್ ಅಧ್ಯಯನದ 2015ರ ವರದಿಯಂತೆ, ಪದೇ ಪದೇ ಝಳ ಕಂಡವರಲ್ಲಿ ಅರ್ಧದಷ್ಟು ಹೆಂಗಸರಿಗೆ ಅದು 7.4 ವರ್ಷಕ್ಕಿಂತ ಹೆಚ್ಚು ಕಾಲ ಇತ್ತು. ಗರ್ಭಕೋಶದ ಜೊತೆಗೆ ಅಂಡಾಶಯಗಳನ್ನೂ ತೆಗೆಸಿಕೊಂಡವರ ಪಾಡು ಇನ್ನೂ ಕಷ್ಟ. ಉಳಿದವರಿಗೆ ವರ್ಷಗಟ್ಟಲೆ ಇಳಿಯುವ ಈಸ್ಟ್ರೋಜನ್ ಅವರಿಗೆ ಕೆಲವೇ ದಿನದಲ್ಲಿ ಕುಸಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ಮೂವತ್ತೈದರ ಆಸುಪಾಸಿನಲ್ಲೇ "ಆಪರೇಷನ್ ಆಯ್ತು" ಎನ್ನುವ ಹೆಂಗಸರಿದ್ದಾರೆ. ತೆಗೆದದ್ದು ಗರ್ಭಕೋಶ ಮಾತ್ರವೋ ಅಂಡಾಶಯವೂ ಸೇರಿಯೋ ಎಂದು ಕೇಳಿದರೆ ಅನೇಕರಿಗೆ ತಿಳಿದಿರುವುದಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಅದು ಬರೆದಿರುತ್ತದೆ, ಹುಡುಕಿ ನೋಡಿ.

ಈಗ ಅಡುಗೆಮನೆಗೆ ಬರೋಣ, ನನ್ನ ಮಟ್ಟಿಗೆ ನಿಜವಾದ ರಣರಂಗ ಅದೇ. ಬೆಳಗ್ಗೆ ಎಂಟು ಗಂಟೆ, ಕಾವಲಿ ಮೇಲೆ ದೋಸೆ, ಪಕ್ಕದ ಒಲೆಯಲ್ಲಿ ಕುಕ್ಕರು. ಉರಿ ಅಲ್ಲಾಡುತ್ತದೆಂದು ಅಡುಗೆಮನೆಗೆ ಫ್ಯಾನೇ ಇಲ್ಲ. ಹೊರಗಿನವರು ಬರೆದ ಪುಸ್ತಕಗಳು ತಣ್ಣನೆಯ ಕೋಣೆಯಲ್ಲಿರಿ ಎನ್ನುತ್ತವೆ. ಒಲೆ ಮುಂದೆ ನಿಂತವಳಿಗೆ ಅದನ್ನು ಹೇಳುವುದು ಹೇಗೆ? ಮಾಡಬಹುದಾದದ್ದನ್ನು ಮಾಡಿದೆವು. ಹೊಸ್ತಿಲ ಆಚೆ ನೆಲದ ಮೇಲೆ ಒಂದು ಟೇಬಲ್ ಫ್ಯಾನ್ ಇಟ್ಟು, ಗಾಳಿ ಒಲೆಗೆ ತಾಗದೆ ನನ್ನ ಮೀನಖಂಡಕ್ಕೂ ಬೆನ್ನಿಗೂ ಬಡಿಯುವ ಹಾಗೆ ತಿರುಗಿಸಿದೆವು. ಸಾರಿಗೆ ಬೇಳೆ ಬೇಯಿಸುವುದನ್ನು ಬೆಳಗಿನ ಆರಕ್ಕೆ ಎಳೆದುಕೊಂಡೆ. ದೋಸೆ ಹುಯ್ಯುವುದನ್ನು ಮಗ ಕಲಿತ. ಅವನ ಮೊದಲ ದೋಸೆಗಳು ಯಾವ ದೇಶದ ನಕ್ಷೆಗೂ ಹೊಂದುತ್ತಿರಲಿಲ್ಲ, ಆದರೂ ತಿಂದೆವು. ಪಾಲಿಯೆಸ್ಟರ್ ನೈಟಿ ಹೋಗಿ ಹತ್ತಿಯದು ಬಂತು. ಒಂದು ದೊಡ್ಡ ರಗ್ಗಿನ ಬದಲು ಇಬ್ಬರಿಗೂ ಬೇರೆ ಬೇರೆ ಹೊದಿಕೆ. ಇಷ್ಟರಿಂದ ದಿನದ ಝಳಗಳ ಎಣಿಕೆ ತಗ್ಗುತ್ತದೆಂದು ಗಟ್ಟಿಯಾದ ಸಾಕ್ಷಿ ಇಲ್ಲ. ಬಂದ ಝಳವನ್ನು ಕಳೆಯುವುದು ಹಗುರವಾಗುತ್ತದೆ, ಅಷ್ಟೇ.

ತಿನ್ನುವ ಕುಡಿಯುವ ವಿಚಾರಕ್ಕೆ ಬಂದರೆ ಎಲ್ಲರ ಬಳಿಯೂ ಒಂದೊಂದು ಔಷಧ. ಪಕ್ಕದ ಮನೆಯ ಧಾರವಾಡದವರು, "ಅಕ್ಕಾರ, ದಿನಾ ಅಗಸಿ ಚಟ್ನಿ ತಿನ್ರಿ, ಎಲ್ಲಾ ಹೋಗ್ತದ" ಅಂದರು. ಅಗಸೆಯಲ್ಲಿ ಈಸ್ಟ್ರೋಜನ್ನನ್ನು ತುಸು ಹೋಲುವ ವಸ್ತುಗಳಿರುವುದು ಹೌದು. ಆದರೆ ಅಮೆರಿಕದಲ್ಲಿ ಅಗಸೆ ಹಾಕಿದ ತಿನಿಸನ್ನೂ ಹಾಕದ ತಿನಿಸನ್ನೂ ಕೊಟ್ಟು ಹೋಲಿಸಿದಾಗ ಎರಡೂ ಗುಂಪಿನಲ್ಲಿ ಝಳ ಒಂದೇ ಪ್ರಮಾಣದಲ್ಲಿ ತಗ್ಗಿತು. ಝಳದ ವಿಚಿತ್ರ ಇದು. ಔಷಧವೇ ಇಲ್ಲದ ಹುಸಿಗುಳಿಗೆ ಕೊಟ್ಟರೂ ಬಹಳ ಜನಕ್ಕೆ ಗುಣ ಕಾಣುತ್ತದೆ. ಹಾರ್ಮೋನ್ ಪ್ರಯೋಗಗಳನ್ನು ಒಟ್ಟುಗೂಡಿಸಿದ 2004ರ ಕಾಕ್ರೇನ್ ಪರಾಮರ್ಶೆಯಲ್ಲಿ ಹುಸಿಗುಳಿಗೆ ನುಂಗಿದವರಿಗೂ ಝಳ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಹಾಗಾಗಿ "ನನಗೆ ಗುಣವಾಯಿತು" ಎಂಬ ಮಾತು ಸುಳ್ಳಲ್ಲ, ಔಷಧಕ್ಕೆ ಸಾಕ್ಷಿಯೂ ಅಲ್ಲ. ಅಗಸೆ ಚಟ್ನಿಯನ್ನು ನಾನು ಬಿಟ್ಟಿಲ್ಲ. ಬಿಸಿ ರೊಟ್ಟಿಗೆ ಅದು ಬೇಕೇ ಬೇಕು.

ಯೋಗದ ಬಗ್ಗೆ ನಮ್ಮ ಬೆಂಗಳೂರಿನ ಎಸ್-ವ್ಯಾಸ ಸಂಸ್ಥೆಯವರೇ 40ರಿಂದ 55 ವಯಸ್ಸಿನ 120 ಹೆಂಗಸರ ಮೇಲೆ ಎಂಟು ವಾರ ಪ್ರಯೋಗ ನಡೆಸಿ 2008ರಲ್ಲಿ ಪ್ರಕಟಿಸಿದ್ದಾರೆ. ಸಾದಾ ವ್ಯಾಯಾಮ ಮಾಡಿದವರಿಗಿಂತ ಯೋಗ ಮಾಡಿದವರಿಗೆ ಝಳ, ರಾತ್ರಿಯ ಬೆವರು, ನಿದ್ದೆಗೇಡು ಹೆಚ್ಚು ತಗ್ಗಿದವು ಎಂಬುದು ಅವರ ಫಲಿತಾಂಶ. ಅಮೆರಿಕದ ಮೆನೋಪಾಸ್ ಸೊಸೈಟಿ 2023ರಲ್ಲಿ ಎಲ್ಲ ಅಧ್ಯಯನಗಳನ್ನು ತೂಗಿ, ಝಳಕ್ಕೆಂದೇ ಯೋಗವನ್ನು ಶಿಫಾರಸು ಮಾಡುವಷ್ಟು ಸಾಕ್ಷಿ ಇಲ್ಲ ಎಂದಿತು. ಮೂಳೆಗೆ, ನಿದ್ದೆಗೆ, ಮನಸ್ಸಿಗೆ ಮೈ ಬಗ್ಗಿಸುವುದು ಹೇಗೂ ಒಳ್ಳೆಯದೇ.

ಅದೇ ಸೊಸೈಟಿ ಒಪ್ಪಿದ ಒಂದು ದಾರಿ ನನಗೆ ಮೊದಲು ನಗು ತರಿಸಿತ್ತು. ಅದು ಯೋಚನೆಯ ಧಾಟಿಯನ್ನು ತಿದ್ದುವ ಮಾತಿನ ಚಿಕಿತ್ಸೆ, ಸಿಬಿಟಿ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಮೈರಾ ಹಂಟರ್ ಅದನ್ನು ಝಳಕ್ಕೆ ಒಗ್ಗಿಸಿದವರು. ಅದರಿಂದ ಮುಖ್ಯವಾಗಿ ತಗ್ಗುವುದು ಝಳದ ಕಾಟ, ಎಣಿಕೆಯಲ್ಲ. ಪುಸ್ತಕ ಓದಿಕೊಂಡು ಮನೆಯಲ್ಲೇ ಅಭ್ಯಾಸ ಮಾಡಿದವರಿಗೂ ಅನುಕೂಲವಾಯಿತು. ಛತ್ರದಲ್ಲಿ ಕುಂಕುಮ ಇಳಿದಾಗ ನನ್ನನ್ನು ಹಿಂಡಿದ್ದು ಬಿಸಿಗಿಂತ "ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ" ಎಂಬ ಭಾವ. ಆ ಭಾವ ಎದೆಬಡಿತ ಏರಿಸುತ್ತದೆ, ಏರಿದ ಎದೆಬಡಿತ ಭಾವವನ್ನು ಇನ್ನಷ್ಟು ಬಿಗಿಯುತ್ತದೆ. ಈಗ ಝಳ ಬಂದಾಗ ಹೆಗಲು ಸಡಿಲಬಿಟ್ಟು, ಹೊಟ್ಟೆಯಿಂದ ನಿಧಾನ ಉಸಿರಾಡುತ್ತ, ಮೂರು ನಿಮಿಷ ಎಂದುಕೊಳ್ಳುತ್ತೇನೆ. ಹೆಚ್ಚಿನ ಸಲ ಮೂರೇ ನಿಮಿಷ.

ಇವು ಸಾಲದಿದ್ದರೆ ಔಷಧವಿದೆ, ನರಳಬೇಕಿಲ್ಲ. ಝಳಕ್ಕೆ ಎಲ್ಲಕ್ಕಿಂತ ಚೆನ್ನಾಗಿ ನಾಟುವುದು ಹಾರ್ಮೋನ್ ಚಿಕಿತ್ಸೆ. ಅದೇ ಕಾಕ್ರೇನ್ ಲೆಕ್ಕದಲ್ಲಿ ಹುಸಿಗುಳಿಗೆಯನ್ನೂ ಮೀರಿ ಶೇ. 75ರಷ್ಟು ಝಳ ತಗ್ಗಿತ್ತು. ಹಾಗಿದ್ದರೆ ಹೆದರಿಕೆ ಯಾಕೆ? 2002ರ ಜುಲೈಯಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಅರ್ಧಕ್ಕೇ ನಿಂತಿತು. 16,608 ಹೆಂಗಸರಿದ್ದ ಆ ಗುಂಪಿನಲ್ಲಿ ಹಾರ್ಮೋನ್ ಪಡೆದವರಿಗೆ ವರ್ಷಕ್ಕೆ ಹತ್ತು ಸಾವಿರಕ್ಕೆ ಎಂಟರಂತೆ ಸ್ತನ ಕ್ಯಾನ್ಸರ್ ಹೆಚ್ಚಾಗಿ ಕಂಡಿತ್ತು. ಸುದ್ದಿ ಕಾಡ್ಗಿಚ್ಚಾಯಿತು. ಆ ಹೆಂಗಸರ ಸರಾಸರಿ ವಯಸ್ಸು 63 ಎಂಬುದು ಮಾತ್ರ ಯಾರ ಕಿವಿಗೂ ಬೀಳಲಿಲ್ಲ. ಅರವತ್ತರೊಳಗೆ, ಮುಟ್ಟು ನಿಂತು ಹತ್ತು ವರ್ಷದೊಳಗೆ ಶುರುಮಾಡುವ ಆರೋಗ್ಯವಂತರಿಗೆ ಅಪಾಯಕ್ಕಿಂತ ಲಾಭವೇ ಹೆಚ್ಚು ಎಂಬುದು ಇಂದಿನ ವೈದ್ಯರ ನಿಲುವು. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಒಂದನ್ನೇ ಕೊಡುವಂತಿಲ್ಲ, ಒಳಪದರ ಬೆಳೆದು ಕ್ಯಾನ್ಸರಿಗೆ ತಿರುಗದಂತೆ ಪ್ರೊಜೆಸ್ಟೋಜೆನ್ ಎಂಬ ಇನ್ನೊಂದು ಹಾರ್ಮೋನ್ ಜೊತೆಗಿರಬೇಕು. ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟಿದ ಅಥವಾ ಪಾರ್ಶ್ವವಾಯು ಹೊಡೆದ ಇತಿಹಾಸವಿದ್ದವರಿಗೆ, ಲಿವರ್ ಕಾಯಿಲೆಯವರಿಗೆ ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ.

ಅಂಥವರಿಗೆ ಖಿನ್ನತೆಗೆ ಕೊಡುವ ಕೆಲವು ಗುಳಿಗೆಗಳು ಸಣ್ಣ ಪ್ರಮಾಣದಲ್ಲಿ ಕೆಲಸ ಮಾಡುತ್ತವೆ. ಚೀಟಿ ನೋಡಿ "ನನಗೆ ತಲೆ ಕೆಟ್ಟಿದೆ ಅಂದುಕೊಂಡರಾ ಡಾಕ್ಟರು?" ಎಂದು ಬೇಜಾರಾಗಬೇಡಿ. ಸ್ತನ ಕ್ಯಾನ್ಸರಿಗೆಂದು ಟಮಾಕ್ಸಿಫೆನ್ ನುಂಗುವವರು ಮಾತ್ರ ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಪ್ಯಾರಾಕ್ಸಿಟಿನ್‌ನಂಥ ಗುಳಿಗೆ ಅದರ ಕೆಲಸಕ್ಕೆ ಅಡ್ಡ ಬರುತ್ತದೆ. ರಾನ್ಸ್ ಕಂಡ ಆ ಊದಿದ ಕೋಶಗಳ ಸುಳಿವು ಹಿಡಿದು, ನ್ಯೂರೋಕೈನಿನ್ ಬಿ ಕೂರುವ ಜಾಗವನ್ನೇ ಮುಚ್ಚುವ ಫೆಜೋಲಿನೆಟಾಂಟ್ ಎಂಬ ಹಾರ್ಮೋನೇತರ ಔಷಧ ತಯಾರಾಯಿತು. ಅಮೆರಿಕ 2023ರ ಮೇ ತಿಂಗಳಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಮರುವರ್ಷದ ಕೊನೆಗೆ, ಅಪರೂಪಕ್ಕೆ ಲಿವರಿಗೆ ಪೆಟ್ಟಾಗಬಹುದೆಂಬ ಎಚ್ಚರಿಕೆಯೂ ಸೇರಿತು.

ರಾತ್ರಿ ಬೆವರಿದ್ದೆಲ್ಲ ಝಳವಲ್ಲ. ಬೆವರಿನ ಜೊತೆ ಸಂಜೆ ಜ್ವರ, ಕೆಮ್ಮು, ಮೈ ಇಳಿಯುವುದು ಇದ್ದರೆ ಕ್ಷಯದ ಪರೀಕ್ಷೆ ಆಗಬೇಕು. ಥೈರಾಯ್ಡ್ ಏರಿದರೂ, ಸಕ್ಕರೆ ಗುಳಿಗೆ ನುಂಗುವವರಿಗೆ ಸಕ್ಕರೆ ಇಳಿದರೂ ಹೀಗೇ ಬೆವರುತ್ತದೆ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಆ ವಾರವೇ ಡಾಕ್ಟರ ಬಳಿ ಹೋಗಬೇಕು.

ಹೋಗುವಾಗ ಹದಿನೈದು ದಿನದ ಲೆಕ್ಕ ಕೈಯಲ್ಲಿರಲಿ. ನನ್ನದು ಹಾಲಿನವನ ಕ್ಯಾಲೆಂಡರಿನಲ್ಲೇ ಇತ್ತು. ಹಾಲು ಬಾರದ ದಿನಕ್ಕೆ ಸೊನ್ನೆ, ಝಳಕ್ಕೆ ಒಂದೊಂದು ಗೀಟು, ನಿದ್ದೆ ಕೆಟ್ಟ ರಾತ್ರಿಗೆ ಒಂದು ಚುಕ್ಕೆ. ಡಿಸೆಂಬರಿನ ಹಾಳೆಯಲ್ಲಿ ಗೀಟುಗಳ ಕೆಳಗೆ ನನ್ನ ಗಂಡ ಪೆನ್ಸಿಲ್ಲಿನಲ್ಲಿ ಇನ್ನೇನೋ ಗುರುತು ಹಾಕಿದ್ದರು. ಏನಿದು ಎಂದು ಕೇಳಿದೆ. "ನೀನು ಎದ್ದಾಗ ಫ್ಯಾನ್ ಹಾಕಿದ್ದು ನಾನು. ಅದರ ಲೆಕ್ಕ" ಅಂದರು.