ಪೆಟ್ರೋಲ್ ತುಂಬುವ ಮುನ್ನ ಹತ್ತು ನಿಮಿಷ ತಾಳಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಅಡಿಕೆ ಬೆಳೆಗಾರರಿಗೆ ಮಳೆಗಾಲದ ಒಂದು ಹೊಳವಿನ ಬೆಲೆ ಹೇಳಬೇಕಾಗಿಲ್ಲ. ಮೊದಲ ಬೋರ್ಡೋ ಸಿಂಪಡಣೆಯಾಗಿ 40-45 ದಿನ ಕಳೆದಿರುತ್ತದೆ. ಎರಡನೆಯದು ತಡವಾದರೆ ಕೊಳೆರೋಗ ಕಾಯಿ ಉದುರಿಸುತ್ತದೆ. ಮರ ಏರುವವರು ಸಿಕ್ಕಿದ್ದಾರೆ, ದ್ರಾವಣ ಸಿದ್ಧವಿದೆ; ಅಷ್ಟರಲ್ಲಿ ಸಿಂಪಡಣೆ ಯಂತ್ರದ ಪೆಟ್ರೋಲ್ ಮುಗಿಯುತ್ತದೆ. ಕಾದ ಯಂತ್ರಕ್ಕೆ ಹಾಗೆಯೇ ಸುರಿಯುವ ಆತುರ ಆಗಲೇ, ಅನಾಹುತವೂ ಆಗಲೇ.

ಅಪಾಯ ಎಲ್ಲಿದೆ?

ಹೊತ್ತಿಕೊಳ್ಳುವುದು ಪೆಟ್ರೋಲಿನ ಆವಿ. ಅದು ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ. ಮೇಲೇರದೆ ನೆಲದ ಮೇಲೆ ಹರಿದು ಪಂಪಿನ ಗುಂಡಿ, ತೋಟದ ಕಣಿಗಳಲ್ಲಿ ತಂಗುತ್ತದೆ. ತುಸು ದೂರದ ಬೀಡಿಯ ಕಿಡಿಯೂ ಸಾಕು.

ತುಂಬುವ ಕ್ರಮ

1. ಯಂತ್ರ ನಿಲ್ಲಿಸಿ, ಹತ್ತು ನಿಮಿಷವಾದರೂ ಆರಲು ಬಿಡಿ.
2. ಶೆಡ್ಡಿನಿಂದ ಬಯಲಿಗೆ ತನ್ನಿ. ಒಣ ಸೋಗೆಯಿಲ್ಲದ ಸಮತಟ್ಟು ಜಾಗವಿರಲಿ. ದೀಪ, ಬೀಡಿ ಬೇಡ.
3. ಲಾಳಿಕೆ ಬಳಸಿ. ಕಂಠಮಟ್ಟ ತುಂಬದೆ ಸ್ವಲ್ಪ ಜಾಗ ಉಳಿಸಿ.
4. ಚೆಲ್ಲಿದ್ದನ್ನು ಒರಸಿ, ಯಂತ್ರವನ್ನು ನಾಲ್ಕಾರು ಹೆಜ್ಜೆ ಆಚೆ ಒಯ್ದು ಚಾಲೂ ಮಾಡಿ.

ಕಳೆ ಕೊಚ್ಚುವ ಯಂತ್ರಕ್ಕೂ ಇದೇ ಕ್ರಮ. ಹೊಳೆಯಲ್ಲಿ ಮೋಟಾರು ದೋಣಿ ಇಟ್ಟುಕೊಂಡವರು ಬಿಡಿ ಟ್ಯಾಂಕನ್ನು ದಡಕ್ಕೆ ತಂದೇ ತುಂಬಬೇಕು. ದೋಣಿಯ ತಳದಲ್ಲಿ ನಿಂತ ಆವಿಗೆ ಹೊರಹೋಗಲು ದಾರಿಯಿಲ್ಲ.

ದಾಸ್ತಾನು

ಪೆಟ್ರೋಲನ್ನು ಕುಡಿಯುವ ನೀರಿನ ಬಾಟಲಿಯಲ್ಲಿಡಬೇಡಿ, ಮಕ್ಕಳು ಬಾಯಿಗಿಟ್ಟಾರು. ಅದಕ್ಕೆಂದೇ ಇರುವ, ಬಿಗಿ ಮುಚ್ಚಳದ ಕ್ಯಾನ್ ಇರಲಿ. ಒಲೆಯಿಂದ ದೂರವಿಡಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಬೆರೆತಿದ್ದು, ಅದು ನೀರನ್ನು ಹೀರುತ್ತದೆ. ಆದ್ದರಿಂದ ಮಳೆಹನಿ ಬೀಳದಂತೆ ತುಂಬಿ, ತಿಂಗಳುಗಟ್ಟಲೆ ಕೂಡಿಡಬೇಡಿ.

ಕೊಳವೆಯನ್ನು ಬಾಯಿಂದ ಎಳೆದು ಪೆಟ್ರೋಲ್ ತೆಗೆಯುವ ರೂಢಿಯನ್ನು ಇಂದೇ ಬಿಡಿ. ಗುಟುಕು ಶ್ವಾಸಕೋಶಕ್ಕಿಳಿದರೆ ಜೀವಕ್ಕೇ ಅಪಾಯ. ನುಂಗಿದವರಿಗೆ ವಾಂತಿ ಮಾಡಿಸದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಬೆಂಕಿ ಹತ್ತಿದರೆ

ನೀರು ಎರಚಬೇಡಿ; ಉರಿಯುವ ಪೆಟ್ರೋಲ್ ನೀರಿನ ಮೇಲೆ ತೇಲಿ ಹರಡುತ್ತದೆ. ಮರಳು ಅಥವಾ ಮಣ್ಣು ಸುರಿಯಿರಿ. ಒಂದು ಬಕೆಟ್ ಮರಳು ಸದಾ ಬಳಿಯಲ್ಲಿರಲಿ. ಬಟ್ಟೆಗೆ ಹತ್ತಿದರೆ ಓಡಬಾರದು, ನೆಲದಲ್ಲಿ ಉರುಳಬೇಕು. ಸುಟ್ಟ ಭಾಗಕ್ಕೆ 20 ನಿಮಿಷ ತಣ್ಣೀರು ಹರಿಸಿ. ಎಣ್ಣೆ, ಶಾಯಿ ಹಚ್ಚಬೇಡಿ.

ಯಂತ್ರ ಹಿಡಿಯುವ ಆಳುಗಳಿಗೂ ಇದನ್ನು ಓದಿ ಹೇಳಿ. ಹತ್ತು ನಿಮಿಷ ಕಾದರೆ ನಾಲ್ಕು ಮರ ನಾಳೆಗೆ ಉಳಿದಾವು. ಅವಕ್ಕೆ ನಾಳೆ ಮದ್ದು ಬಿಡಬಹುದು.